ಯೇವಲಾ ದಾಟಿದ ಮೇಲೆ ಕಾಕಾ ಆಡಿದ ಮಾತು

ಕಾಕಾ ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಂದು ತಗಡಿನ ಅಂಚು ಅದನ್ನು ಕಿತ್ತುಕೊಂಡಿತ್ತಂತೆ, ಮತ್ತೆ ಬೆಳೆಯಲೇ ಇಲ್ಲ. ಉಗುರಿದ್ದ ಜಾಗದಲ್ಲಿ ನುಣ್ಣನೆಯ ಗುಲಾಬಿ ಚರ್ಮ ಹೊಳೆಯುತ್ತಿತ್ತು. ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಅವರು ಡಿಕ್ಷನರಿಯ ಹಾಳೆ ತಿರುವುತ್ತಿದ್ದರು. ಚಿಕ್ಕವಳಿದ್ದಾಗ ಅದನ್ನು ನೋಡಲು ನನಗೆ ಹೆದರಿಕೆ, ನೋಡದೆ ಇರಲೂ ಆಗುತ್ತಿರಲಿಲ್ಲ. ನಾನು ಹುಟ್ಟಾ ಪುಕ್ಕಲಿ. ಈ ಬರಹದಲ್ಲಿ ನನ್ನ ಹೆದರಿಕೆಯೇ ಹೆಚ್ಚು ಬರುತ್ತದೆ, ಓದುವವರು ಸಹಿಸಿಕೊಳ್ಳಬೇಕು.

ಅವರು ನಮಗೆ ಸಂಬಂಧಿಕರೇನಲ್ಲ. ನಾಸಿಕದ ಅಂಬಡ್‌ನಲ್ಲಿ, ಕಾರ್ಖಾನೆಗಳ ಬೆನ್ನಿಗೆ, ಒಂದೇ ಸಾಲಿನಲ್ಲಿ ಎಂಟು ಬಾಡಿಗೆ ಖೋಲಿಗಳಿದ್ದವು. ಒಂದರಲ್ಲಿ ನಾವು. ಅಪ್ಪ ಅವ್ವ ಮುದ್ದೇಬಿಹಾಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಕೊನೆಯ ಖೋಲಿಯಲ್ಲಿ ಕಾಕಾ. ಗದಗಿನವರು, ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಬೆಳಗಾವಿಯಲ್ಲಿ ಶಿಕ್ಷಕಿ. ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅಂಬಡ್‌ನ ಒಂದು ಬಿಡಿಭಾಗಗಳ ಘಟಕದಲ್ಲಿ ತಪಾಸಣೆಯ ಕೆಲಸ ಹಿಡಿದಿದ್ದರು. ವಿಮಾನದ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆದು ಹೊಡೆದು ಎಡಗಿವಿ ಮಂದವಾಗಿತ್ತು. ಹಾಗಾಗಿ ದೊಡ್ಡ ದನಿ. ಅವರ ಮನೆಯಲ್ಲಿ ಇವತ್ತು ಹೀರೇಕಾಯಿಯೋ ಬದನೆಕಾಯಿಯೋ ಎಂಬುದು ಎಂಟೂ ಖೋಲಿಗಳಿಗೆ ಗೊತ್ತಾಗುತ್ತಿತ್ತು.

ಕಾರ್ಖಾನೆಯ ಕಥೆಗಳಲ್ಲಿ ಒಂದನ್ನು ಅವರು ಪದೇ ಪದೇ ಹೇಳುತ್ತಿದ್ದರು. ರೆಕ್ಕೆಯ ಒಳಗೆ ಕೆಲಸ ಮಾಡುವಾಗ ಒಂದು ರಿವೆಟ್ ಕೈಜಾರಿ ಬಿದ್ದರೆ ತಕ್ಷಣ ಕೂಗಿ ಹೇಳಬೇಕು. ಕೆಲಸ ನಿಲ್ಲುತ್ತದೆ, ಎಲ್ಲರೂ ಬ್ಯಾಟರಿ ಹಿಡಿದು ಹುಡುಕುತ್ತಾರೆ, ಅರ್ಧ ದಿನ ಹಾಳಾಗುತ್ತದೆ. ಆದರೂ ಯಾರೂ ಬೈಯುವಂತಿಲ್ಲ. "ಬಿತ್ತು ಅಂದವಗ ನಾವು ಚಹಾ ಕುಡಿಸ್ತಿದ್ವಿ. ಮುಚ್ಚಿಟ್ಟವನ ಜೋಡಿ ಮಾತು ಬಿಡ್ತಿದ್ವಿ. ಯಾಕಂದ್ರ ಅದರಾಗ ಕುಂತು ಮ್ಯಾಲ ಹೋಗಾಂವ ಬ್ಯಾರೆಯಾಂವ," ಎನ್ನುತ್ತಿದ್ದರು. ನಾನು ಹತ್ತಾರು ಸಲ ಕೇಳಿದ್ದೆ. ಕೇಳಿ ಕೇಳಿ ಬೇಸರವೂ ಬಂದಿತ್ತು.

ನನಗೂ ಅವರಿಗೂ ಗಂಟು ಬಿದ್ದದ್ದು ಒಂದು ಇಂಗ್ಲಿಷ್ ಶಬ್ದದಿಂದ. ನಾನಾಗ ಏಳನೆಯ ತರಗತಿಯಲ್ಲಿದ್ದೆ. ಶಾಲೆಯಲ್ಲಿ ನನ್ನನ್ನು ವರ್ಗದ ಹೊರಗೆ ನಿಲ್ಲಿಸಿದ್ದಾರೆಂದು ಯಾರೋ ಹೇಳಿ, ಅವ್ವ ಕೆಲಸದ ಸೀರೆಯಲ್ಲೇ, ಮೊಣಕೈವರೆಗೆ ಸಿಮೆಂಟು ಮೆತ್ತಿಕೊಂಡೇ ಬಂದುಬಿಟ್ಟಳು. ಸಿಟ್ಟಿನಲ್ಲಿ ಅವಳಿಗೆ ಮರಾಠಿ ಹೊರಡುವುದಿಲ್ಲ. "ನನ್ನ ಮಗಳನ್ನ ಯಾಕ ಹೊರಗ ನಿಂದರ್ಸೀರಿ? ಆಕಿ ಏನ್ ಕದ್ದಾಳ? ನಿಮ್ಮ ಬಾಯಾಗ ಮಣ್ಣ ಬೀಳಲಿ!" ಎಂದು ಒಂದೇ ಉಸಿರಿಗೆ ಶುರುವಿಟ್ಟಳು. ಇಂಗ್ಲಿಷ್ ಕಲಿಸುವ ಮೇಡಂ ಪಕ್ಕದವರ ಕಡೆ ತಿರುಗಿ ಒಂದು ಶಬ್ದ ಅಂದು ನಕ್ಕರು. ಅರ್ಥ ಗೊತ್ತಾಗಲಿಲ್ಲ, ನಗು ಗೊತ್ತಾಯಿತು. ಕೇಳಿಸಿದ ಹಾಗೆ ಅಂಗೈ ಮೇಲೆ ಬರೆದುಕೊಂಡು ಬಂದು ಕಾಕಾಗೆ ತೋರಿಸಿದೆ. ಜಿಬರಿಶ್.

ಅವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಹುಡುಕಿದರು. ಓದಿ ಹೇಳಿದರು. ಬಡಬಡನೆ ಆಡುವ, ಅರ್ಥವಿಲ್ಲದ ಮಾತಿಗೆ ಹಾಗೆನ್ನುತ್ತಾರೆ. ಶಬ್ದ ನಾಲ್ಕೈದು ನೂರು ವರ್ಷ ಹಳೆಯದು. ಎಲ್ಲಿಂದ ಬಂತೆಂದು ಯಾರಿಗೂ ಗಟ್ಟಿಯಾಗಿ ಗೊತ್ತಿಲ್ಲ. ನಾವು ಬಡಬಡ, ಲೊಡಲೊಡ ಅಂದ ಹಾಗೆ, ಕಿವಿಗೆ ಬಿದ್ದ ಸದ್ದನ್ನೇ ಅವರೂ ಶಬ್ದ ಮಾಡಿಕೊಂಡಿರಬೇಕು ಎಂಬುದು ಬಲ್ಲವರ ಊಹೆ. ಇನ್ನೊಂದು ಕಥೆಯೂ ಇದೆ. ಲೋಹವನ್ನು ಚಿನ್ನ ಮಾಡುವ ವಿದ್ಯೆಯ ಬಗ್ಗೆ ಬರೆದ ಹಳೆಯ ಕಾಲದ ಅರಬ್ ಪಂಡಿತನೊಬ್ಬನಿದ್ದ. ಹೊರಗಿನವರಿಗೆ ತಿಳಿಯಬಾರದೆಂದು ಎಲ್ಲವನ್ನೂ ಗೂಢವಾಗಿ ಬರೆದ. ಓದಿ ತಲೆಕೆಟ್ಟವರು ಅವನ ಹೆಸರನ್ನೇ ಎಳೆದಾಡಿ ಈ ಶಬ್ದ ಮಾಡಿದರಂತೆ. "ಇದು ಖರೇ ಕಥಿ ಅಲ್ಲ ಅಂತಾರ ಶಾಣ್ಯಾರು," ಎಂದರು ಕಾಕಾ. "ಆದ್ರ ನನಗ ಇದ ಸೇರತೈತಿ. ಅಂವ ಬರದದ್ದಕ್ಕ ಅರ್ಥ ಇತ್ತು ನೋಡು. ಓದಾವ್ರ ಕಡೆ ಕೀಲಿ ಇದ್ದಿದ್ದಿಲ್ಲ."

ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವ್ವನನ್ನು ಕರೆದುಕೊಂಡು ಶಾಲೆಗೆ ಹೋದರು. ಮೇಡಂ ಎದುರು ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, "ನಿನ್ನೆ ಅಂದದ್ದನ್ನ ಮತ್ತ ಅನ್ನವಾ," ಎಂದರು. ಅವ್ವ ನಾಚುತ್ತ ನಾಚುತ್ತ ಅಂದಳು. ಕಾಕಾ ಒಂದೊಂದನ್ನೂ ಇಂಗ್ಲಿಷಿಗೆ ತಂದರು, ಬೈಗುಳವನ್ನೂ ಬಿಡದೆ. ನಿಮ್ಮ ಬಾಯಿಗೆ ಮಣ್ಣು ಬೀಳಲಿ ಎಂದು ಈಕೆ ಹಾರೈಸುತ್ತಿದ್ದಾಳೆ, ಎಂದು ಕಚೇರಿಯ ಪತ್ರ ಓದುವ ದನಿಯಲ್ಲಿ ಹೇಳಿದರು. ಮೇಡಂ ಮುಖ ಕೆಂಪಾಯಿತು. ವಾಪಸು ಬರುವಾಗ ನನ್ನ ಕಡೆ ತಿರುಗಿ, "ಯಾರ ಮಾತಿಗೂ ನೀ ಆ ಶಬ್ದ ಅನಬ್ಯಾಡ. ತಿಳೀಲಿಲ್ಲ ಅಂದ್ರ ಮೊದಲ ನಿನ್ನ ಕಿವಿ ತಿಕ್ಕೋ," ಎಂದರು. ನಾನು ಒಪ್ಪಿಕೊಂಡೆ.

ಅಂದಿನಿಂದ ದಿನಕ್ಕೊಂದು ಇಂಗ್ಲಿಷ್ ಶಬ್ದ. ಹಾಗೆ ಶಬ್ದದ ಮೇಲೆ ಶಬ್ದ ಪೇರಿಸಿಕೊಂಡು ನಾನು ಪದವಿ ಮುಗಿಸಿದೆ, ಬಿ.ಎಡ್. ಮುಗಿಸಿದೆ. ನನ್ನ ದೊಡ್ಡ ಕೊರತೆ ಬೇರೆಯೇ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಕನ್ನಡ ಬರುತ್ತಿರಲಿಲ್ಲ. ಊಟಕ್ಕೆ ಬಾ, ನೀರು ತಾ, ಬಾಗಿಲು ಹಾಕು, ಇಂಥ ಮನೆಮಾತು, ಪದೇ ಪದೇ ಕೇಳಿದ ಮಾತು, ಇಷ್ಟು ಗೊತ್ತು. ಅವ್ವ ಅಪ್ಪನಿಗೆ ನಾನು ಉತ್ತರ ಕೊಡುವುದು ಮರಾಠಿಯಲ್ಲಿ. ಕಾಕಾ ತಮ್ಮ ಅಜ್ಜಿಯ ಕಾಲದ ಗದಗಿನ ಕನ್ನಡ ಬಿಚ್ಚಿದರೆಂದರೆ ನನಗೆ ಮೂರರಲ್ಲಿ ಒಂದು ಪಾಲೂ ತಲೆಗೆ ಹೋಗುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಹಾಗಾಗಿ ಒಂದು ಉಪಾಯ ಕಂಡುಕೊಂಡಿದ್ದೆ. ಅವರ ದನಿ ಏರಿ ನಿಂತ ಕಡೆ ಹುಬ್ಬೇರಿಸುವುದು, ಇಳಿದು ನಿಂತ ಕಡೆ "ಹೌದ್ರಿ" ಅನ್ನುವುದು. ಇಲ್ಲಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆಲ್ಲ ಈ ವಿದ್ಯೆ ಗೊತ್ತು. ನಾನಂತೂ ಅದರಲ್ಲಿ ಪಳಗಿದವಳು, ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಛತ್ರಪತಿ ಸಂಭಾಜಿನಗರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯ ಹುದ್ದೆಗೆ ಸಂದರ್ಶನ ಬಂತು. ಆ ದಿನ ಅಪ್ಪ ಅವ್ವನಿಗೆ ಸ್ಲ್ಯಾಬ್ ಹಾಕುವ ಕೆಲಸ, ಬಿಟ್ಟು ಬರುವಂತಿಲ್ಲ. "ನಾ ಹೋಗ್ತೇನಿ ಆಕಿ ಜೋಡಿ," ಎಂದರು ಕಾಕಾ. ಬೆಳಗಿನ ಆರೂವರೆಯ ಬಸ್ಸು. ನಿಫಾಡ್ ಬರುವವರೆಗೆ ನನ್ನಿಂದ ಇಂಗ್ಲಿಷ್ ಪ್ರಶ್ನೋತ್ತರ ಮಾಡಿಸಿದರು. ಆಮೇಲೆ, "ಇಂಗ್ಲಿಷ್ ಸಾಕು. ಯೇವಲಾ ದಾಟಿದ ಮ್ಯಾಲ ಬರೇ ಕನ್ನಡ. ನಮ್ಮ ಅಜ್ಜೀದೊಂದು ದೊಡ್ಡ ಕಥಿ ಹೇಳ್ತೇನಿ, ತಿಳೀಲಿಲ್ಲಂದ್ರ ಅಲ್ಲೇ ತಡೀ," ಎಂದರು. ನಾನು ಹೌದ್ರಿ ಅಂದೆ.

ಯೇವಲಾದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. "ಚಹಾ ಕುಡದು ಬರ್ತೇನಿ, ನಿನಗ ಬೇಕನು?" ಎಂದು ಕೇಳಿ ಇಳಿದರು. ತಡವಾದೀತೆಂದು ಫೋನಿನಲ್ಲಿ ಹೊತ್ತು ನೋಡಿದೆ. ಎಂಟೂ ಇಪ್ಪತ್ತು. ವಾಪಸು ಬಂದು ಕೂತವರೇ ಮಾತು ಶುರು ಮಾಡಿದರು.

ಆ ಮಾತು ಹೇಗಿತ್ತೆಂದು ಹೇಳುವುದು ಕಷ್ಟ. ರಾಗ ಪೂರ್ತಿ ಕನ್ನಡದ್ದು. ಎಳೆಯುವ ಕಡೆ ಎಳೆತ, ನಿಲ್ಲುವ ಕಡೆ ನಿಲುಗಡೆ, ಕೊನೆಗೆ ಐತಿ, ಅಲ್ಲೇನು, ನೋಡು. "ಆ ತೊರಂಟಿ ಮ್ಯಾಲ ಗಡಸಲ ಬಿಸಾಳಿ ಮುರಗೀನ ಹಾಕಿದ್ರ ಸೊಡಲ ಆಗತೈತಿ, ಅಲ್ಲೇನು?" ತೊರಂಟಿ ಎಂದರೆ ಹೊಲದ ಸಾಮಾನಿರಬೇಕು, ಮುರಗಿ ಎಂದರೆ ಏನೋ ಪಾತ್ರೆ ಇರಬೇಕು ಎಂದುಕೊಂಡೆ. ಅಜ್ಜಿಯ ಕಥೆ ಶುರುವಾಗಿದೆ. ದನಿ ಇಳಿದು ನಿಂತಿತು. ಹೌದ್ರಿ ಅಂದೆ.

ಕಾಕಾ ನನ್ನನ್ನೇ ನೋಡಿದರು. ಮತ್ತೆ ಹೇಳಿದರು, ಈ ಸಲ ಜೋರಾಗಿ. ನಾನು ಮತ್ತೆ ತಲೆಯಾಡಿಸಿದೆ. ಅವರ ವೇಗ ಹೆಚ್ಚುತ್ತ ಹೋಯಿತು. ಹಣೆಯ ಮೇಲೆ ಬೆವರು. ಸಿಕ್ಕಿಬಿದ್ದೆನೇನೋ ಎಂಬ ಭಯ ನನಗೆ. ಬೇಕೆಂದೇ ಗಟ್ಟಿ ಕನ್ನಡ ಆಡಿ ನನ್ನನ್ನು ಪರೀಕ್ಷಿಸುತ್ತಿದ್ದಾರೆ, ಇನ್ನೇನು "ಹಾಂಗಂದ್ರೇನು ಹೇಳು" ಎನ್ನುತ್ತಾರೆ ಎಂದುಕೊಂಡೆ. ಹಾಗಾಗಿ ಇನ್ನೂ ಬಿರುಸಾಗಿ ತಲೆಯಾಡಿಸಿದೆ. ಹಿಂದಿನ ಸೀಟಿನವರು ಬಗ್ಗಿ, "ಕಾಕಾ ಕಾಯ್ ಮ್ಹಣ್ತಾತ್?" ಎಂದು ಕೇಳಿದರು, ಏನನ್ನುತ್ತಿದ್ದಾರೆ ಎಂದು. "ಕಾನಡಿ ಬೋಲ್ತಾತ್," ಎಂದೆ, ಕನ್ನಡ ಮಾತಾಡುತ್ತಿದ್ದಾರೆ ಎಂದು, ಸ್ವಲ್ಪ ಜಂಬದಿಂದಲೇ. ಅವರಿಗೆ ಸಮಾಧಾನವಾಗಿ ಹಿಂದಕ್ಕೆ ಒರಗಿದರು.

ಒಂದು ಹಂತದಲ್ಲಿ ಕಾಕಾ ನನ್ನ ಮಣಿಕಟ್ಟು ಹಿಡಿದರು. ಅವರ ಕಣ್ಣು ನೋಡಿದೆ. ಅಂಥ ಹೆದರಿಕೆಯನ್ನು ನಾನು ದೊಡ್ಡವರ ಕಣ್ಣಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ. ಏನೋ ಸರಿಯಿಲ್ಲವೆಂದು ನನಗೆ ಆಗಲೇ ಅನಿಸಿತ್ತು, ಇಲ್ಲಿ ಸುಳ್ಳು ಹೇಳಲಾರೆ. ಅನಿಸಿಯೂ ಇನ್ನೊಮ್ಮೆ ಹೌದ್ರಿ ಅಂದೆ. ಇದು ಅರ್ಥವಿಲ್ಲದ ಮಾತು ಎಂದು ಹೇಳಬೇಕಾದರೆ ನನಗೆ ಕನ್ನಡ ಬರಬೇಕಿತ್ತಲ್ಲ? ಯಾವುದು ಕನ್ನಡ, ಯಾವುದು ಅಲ್ಲ ಎಂದು ತೀರ್ಮಾನಿಸಲು ನಾನು ಯಾರು? ಹೀಗೆ ನಲವತ್ತು ನಿಮಿಷ ಕಳೆಯಿತು.

ವೈಜಾಪುರದಲ್ಲಿ ನಮ್ಮ ಕಡೆಯ ಕೂಲಿಯವರ ಒಂದು ಗುಂಪು ಹತ್ತಿತು, ಬುಟ್ಟಿ ಸಲಿಕೆ ಸಮೇತ. ಪಕ್ಕದ ಸೀಟಿಗೆ ಬಂದ ಹೆಂಗಸು ಕಾಕಾ ಅವರ ಮಾತಿನ ರಾಗ ಕೇಳಿದ್ದೇ ಮುಖವರಳಿಸಿ, "ಯಾವೂರ್ರೀ ಯಣ್ಣಾ ನಿಮ್ದು?" ಎಂದಳು. ಕಾಕಾ ಅವಳ ಕಡೆ ತಿರುಗಿ ಉತ್ತರ ಕೊಟ್ಟರು, ಉದ್ದಕ್ಕೆ, ಕೈ ಆಡಿಸುತ್ತ. ಅವಳ ಮುಖ ನೋಡನೋಡುತ್ತ ಬದಲಾಯಿತು.

"ತಂಗೀ," ಎಂದಳು ನನಗೆ, "ಇವರು ಯಾವಾಗಿಂದ ಹಿಂಗ ಮಾತಾಡಾಕ ಹತ್ಯಾರ?"

"ಕನ್ನಡ... ಗದಗ ಕಡೀದು..." ಎಂದೆ.

"ಇದು ಗದಗಿಂದೂ ಅಲ್ಲ, ಎಲ್ಲೀದೂ ಅಲ್ಲ. ಯಾವ ಮಾತೂ ಅಲ್ಲ ಇದು. ನಮ್ಮ ಮಾವಗ ಹಿಂಗ ಆಗಿತ್ತು, ತಲಿಯಾಗ ರಕ್ತ ಹೆಪ್ಪುಗಟ್ಟಿ. ಇಳಿ, ದವಾಖಾನಿಗೆ ಒಯ್ಯಿ. ಏ ಡ್ರಾಯವರ್, ಥಾಂಬಾ!"

ಹೊರಡುತ್ತಿದ್ದ ಬಸ್ಸಿನ ತಗಡನ್ನು ಅವಳು ಸಲಿಕೆಯ ಹಿಡಿಯಿಂದ ಗುದ್ದಿ ನಿಲ್ಲಿಸಿದಳು. ಅವಳೂ ಇನ್ನೊಬ್ಬನೂ ಕಾಕಾ ಅವರನ್ನು ಇಳಿಸಿ ರಿಕ್ಷಾಕ್ಕೆ ಹತ್ತಿಸಿದರು. ನಾನೂ ಹತ್ತಿದೆ. ಅವಳ ಹೆಸರು ಕೇಳಬೇಕೆಂದೂ ತೋಚಲಿಲ್ಲ.

ವೈಜಾಪುರದ ದವಾಖಾನೆಯಲ್ಲಿ ರಕ್ತದೊತ್ತಡ ನೋಡಿ, ಇಲ್ಲಿ ತಲೆಯ ಸ್ಕ್ಯಾನ್ ಇಲ್ಲ, ಸಂಭಾಜಿನಗರಕ್ಕೆ ಒಯ್ಯಿರಿ ಎಂದು ಆಂಬುಲೆನ್ಸ್ ಕೊಟ್ಟರು. ಅದರಲ್ಲಿ ಇಡೀ ದಾರಿ ಕಾಕಾ ಮಾತಾಡುತ್ತಲೇ ಇದ್ದರು. ಮಾತು ಕೇಳಲು ಭಯ, ನಿಂತುಬಿಟ್ಟರೆ ಎಂದು ಇನ್ನೂ ಭಯ. ರೂಢಿಯಿಲ್ಲದೆ ಉಟ್ಟ ಸೀರೆ ಸಡಿಲಾಗಿ ಜಾರುತ್ತಿತ್ತು, ನಾನು ಅವರ ಕೈ ಹಿಡಿದು ಕೂತಿದ್ದೆ. ಸಂದರ್ಶನದ ನೆನಪೇ ಹೋಗಿತ್ತು.

ದೊಡ್ಡ ಆಸ್ಪತ್ರೆ ಮುಟ್ಟಿದಾಗ ಹನ್ನೆರಡಾಗುತ್ತ ಬಂದಿತ್ತು. ಡಾಕ್ಟರ್ ಚಿಕ್ಕ ವಯಸ್ಸಿನವರು. ಕಾಕಾ ಮಾತನ್ನು ಅರ್ಧ ನಿಮಿಷ ಕೇಳಿ, ನರ್ಸ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರ ನಡುವೆ ಆ ಶಬ್ದವೂ ಇತ್ತು. ಜಿಬರಿಶ್. ಯಾರೂ ನಗಲಿಲ್ಲ. ಆಮೇಲೆ ನನ್ನನ್ನು ಕೇಳಿದರು, ಇದು ಶುರುವಾದದ್ದು ನಿಖರವಾಗಿ ಯಾವಾಗ? ಕೊನೆಯ ಸಲ ಇವರು ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ?

"ವೈಜಾಪುರದಲ್ಲಿ," ಎಂದೆ ಮರಾಠಿಯಲ್ಲಿ. "ಒಂಬತ್ತೂ ಹತ್ತಕ್ಕೆ."

ಯಾಕೆ ಹಾಗೆಂದೆ? ಯೇವಲಾ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಪಕ್ಕದಲ್ಲೇ ಕೂತು ನಲವತ್ತು ನಿಮಿಷ ನೀನೇನು ಮಾಡುತ್ತಿದ್ದೆ? ಡಾಕ್ಟರ್ ಗಡಿಯಾರ ನೋಡಿ ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಹೊತ್ತು ಮೀರಿ ಕೊಟ್ಟರೆ ತಲೆಯೊಳಗೇ ರಕ್ತ ಸೋರಿ ಜೀವ ಹೋಗಬಹುದು. ಸ್ಕ್ಯಾನ್ ಆಗಲಿ, ರಕ್ತದ ವರದಿ ಬರಲಿ, ಅಷ್ಟರಲ್ಲಿ ಇವರ ಮಗಳಿಗೆ ಫೋನ್ ಹಚ್ಚಿ ಒಪ್ಪಿಗೆ ಕೇಳಿ. ಒಂದೂ ನಲವತ್ತರವರೆಗೆ ನಮಗೆ ಸಮಯವಿದೆ, ಎಂದರು.

ಮಗಳ ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಪಾಠದಲ್ಲಿರಬೇಕು. ಹೊರಗಿನ ಬೆಂಚಿನ ಮೇಲೆ ಕೂತೆ. ಗೋಡೆಯ ಗಡಿಯಾರದ ಮುಳ್ಳು ಸರಿಯುವುದು ಕಾಣುತ್ತಿತ್ತು. ಸಮಯವಿದೆ ಎಂದವರು ನನ್ನ ಸುಳ್ಳನ್ನು ನಂಬಿ ಹಾಗೆಂದಿದ್ದಾರೆ. ಒಂದೂವರೆಗೆ ಇಂಜೆಕ್ಷನ್ ಚುಚ್ಚಿದರೆ? ಹೇಳಿದರೆ ಎಲ್ಲರೂ ನನ್ನನ್ನೇ ಹಿಡಿಯುತ್ತಾರೆ, ಪೊಲೀಸರೂ ಬರಬಹುದು, ಅವ್ವನ ಮುಖ ಹೇಗೆ ನೋಡಲಿ? ಹೇಳದಿದ್ದರೆ ಒಳಗೆ ಮಲಗಿರುವವರು ಕಾಕಾ. ಅದೇ ಹೊತ್ತಿಗೆ, ಬೇಸರ ಬರುವಷ್ಟು ಸಲ ಕೇಳಿದ್ದ ಆ ರಿವೆಟ್ಟಿನ ಮಾತು ಅವರ ದೊಡ್ಡ ದನಿಯಲ್ಲೇ ಕಿವಿಯಲ್ಲಿ ಬಡಿಯಿತು. ಎದ್ದು ಓಡಿದೆ.

"ವೈಜಾಪುರ ಅಲ್ಲ," ಎಂದೆ ಡಾಕ್ಟರರ ತೋಳು ಹಿಡಿದು. "ಯೇವಲಾ. ಎಂಟೂ ಇಪ್ಪತ್ತಕ್ಕೆ ಚಹಾ ಬೇಕಾ ಎಂದು ಸರಿಯಾಗಿ ಕೇಳಿದರು. ಆಮೇಲೆ ಬಂದು ಹೀಗೆ. ನನಗೆ ಕನ್ನಡ ಪೂರ್ತಿ ಬರುವುದಿಲ್ಲ ಸರ್. ಕನ್ನಡ ಅಂದುಕೊಂಡೆ. ಹೌದು ಹೌದು ಅನ್ನುತ್ತ ಬಂದೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು, ಗಡಿಯಾರವನ್ನು ನೋಡಿದರು. ಹನ್ನೆರಡೂ ಇಪ್ಪತ್ತೈದು. ಬೈಯಲಿಲ್ಲ. "ಹಾಗಾದರೆ ಇಪ್ಪತ್ತೈದು ನಿಮಿಷವಷ್ಟೇ ಇದೆ," ಎಂದು ಒಳಗೆ ಓಡಿದರು. ಮಗಳನ್ನು ಕಾಯಲಿಲ್ಲ, ಇಬ್ಬರು ಡಾಕ್ಟರರೇ ಸಹಿ ಹಾಕಿ ಇಂಜೆಕ್ಷನ್ ಕೊಟ್ಟರು. ನಾನು ಕಾರಿಡಾರಿನ ನೆಲದ ಮೇಲೆ ಕೂತೆ. ಮತ್ತೆ ಮಗಳಿಗೆ ಫೋನ್ ಹಚ್ಚಿದೆ.

ಕಾಕಾ ಬದುಕಿದರು. ಮಗಳು ಬೆಳಗಾವಿಗೆ ಕರೆದೊಯ್ಯಲು ಬಂದರೆ ಮಂಚದ ಪಟ್ಟಿ ಹಿಡಿದುಕೊಂಡು ಬಿಡಲಿಲ್ಲ. ಅಂಬಡ್‌ಗೇ ಬಂದರು. ಅವ್ವ ಊಟ ಕೊಡುತ್ತಿದ್ದಳು, ಮಗಳು ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇರುತ್ತಿದ್ದಳು. ಮಾತು ಮಾತ್ರ ಪೂರ್ತಿ ತಿರುಗಿ ಬರಲಿಲ್ಲ. ಇಂಗ್ಲಿಷ್ ಒಂದಕ್ಷರ ಉಳಿದಿರಲಿಲ್ಲ. ಇನ್ನೂ ಮೊದಲೇ ಚಿಕಿತ್ಸೆ ಸಿಕ್ಕಿದ್ದರೆ ಇನ್ನಷ್ಟು ಮಾತು ಉಳಿಯುತ್ತಿತ್ತೇ ಎಂದು ಡಾಕ್ಟರರನ್ನು ಕೇಳಿದ್ದೆ. "ಉಳಿಯುತ್ತಿತ್ತೇನೋ," ಎಂದರು. ಆ "ಏನೋ" ನನ್ನ ಜೊತೆಗೇ ಇದೆ.

ಚಿತ್ರದ ಪುಸ್ತಕ ತಂದು ಕಾಕಾಗೆ ದಿನಾ ಸಂಜೆ ಶಬ್ದ ಕಲಿಸಬೇಕೆಂದು ಡಾಕ್ಟರರು ಹೇಳಿದ್ದರು. ಕಲಿಸಬೇಕಾದರೆ ನನಗೆ ಬರಬೇಕಲ್ಲ? ಒಂದನೆಯ ತರಗತಿಯ ಕನ್ನಡ ಪುಸ್ತಕ ತರಿಸಿ ಅವ್ವನ ಎದುರು ಕೂತೆ. "ಇದು ನನಗ ತಿಳೀಲಿಲ್ಲ, ಹೇಳು," ಎಂದು ಅವಳಿಗೆ ಮೊದಲ ಸಲ ಅಂದಾಗ ಅವಳು ಕೆಲಸ ಬಿಟ್ಟು ನನ್ನ ಮುಖ ನೋಡಿದಳು. ಹೀಗೆ ಕಲಿತ ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ. ಮುಂದೆ ನಾಸಿಕದಲ್ಲೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ವರ್ಗದಲ್ಲಿ ಯಾವುದಾದರೂ ಮಗು ಬಹಳ ಬೇಗ ತಲೆಯಾಡಿಸಿದರೆ ಇವತ್ತಿಗೂ ನಾನು ಹೆದರಿ ಪಾಠ ನಿಲ್ಲಿಸುತ್ತೇನೆ.

ಒಂದು ವರ್ಷ ಕಳೆದ ಮೇಲೆ, ಕಾಕಾಗೆ ನಲವತ್ತು ಐವತ್ತು ಶಬ್ದ ಮರಳಿದ್ದ ಕಾಲದಲ್ಲಿ, ಒಂದು ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿದೆ. "ಕಾಕಾ, ಆವತ್ತು ಯೇವಲಾ ದಾಟಿದ ಮ್ಯಾಲ ನೀವು ಅಂದದ್ದು ನನಗ ಒಂದೂ ತಿಳಿದಿದ್ದಿಲ್ಲ. ತಿಳಿದಂಗ ಮಾಡಿದೆ. ವೈಜಾಪುರ ಬರೂತನಾ ಮಾಡಿದೆ. ದವಾಖಾನ್ಯಾಗ ಸುಳ್ಳೂ ಹೇಳಿದೆ," ಎಂದೆ. ಅವರು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿದರು. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಆಮೇಲೆ ಮಾತಾಡಿದರು, ಸುಮಾರು ಉದ್ದವಾಗಿ, ನಿಧಾನವಾಗಿ. ಅದರಲ್ಲಿ ನನಗೆ ಸಿಕ್ಕ ಶಬ್ದ "ಮಗಳ" ಎಂಬುದೊಂದೇ.

"ತಿಳೀಲಿಲ್ರಿ ಕಾಕಾ," ಎಂದೆ.

ಮತ್ತೆ ಹೇಳಿದರು. ಅಷ್ಟೇ ಉದ್ದ.

"ತಿಳೀಲಿಲ್ರಿ."

ಮೂರನೆಯ ಸಲ ಹೇಳುವಾಗ ಅವರ ದನಿ ಏರಿತು, ಕೈ ಹಾಸಿಗೆಯನ್ನು ಬಡಿಯಿತು. ಅದು ಸಿಟ್ಟೋ, ಹೋಗಲಿ ಬಿಡು ಎಂಬ ಸಮಾಧಾನವೋ ನನಗೆ ಗೊತ್ತಾಗಲಿಲ್ಲ. ಆಗಲೂ ತಿಳೀಲಿಲ್ಲವೆಂದೇ ಹೇಳಿದೆ. ಅವರು ದಣಿದು ಕಣ್ಣು ಮುಚ್ಚಿಕೊಂಡರು. ನಾಳೆ ಮತ್ತೆ ಕೇಳೋಣ ಎಂದುಕೊಂಡು ಹೊದಿಕೆ ಎಳೆದೆ. ಮರುದಿನ ಜ್ವರ ಬಂತು, ಆ ಶುಕ್ರವಾರ ತೀರಿಕೊಂಡರು. ಅವರು ಹೇಳಿದ್ದು ಬೈಗುಳವೇ ಇರಬಹುದು. ಬೈಗುಳವಾಗಿದ್ದರೂ ನನಗೆ ಅದು ಬೇಕಾಗಿತ್ತು.